"ಇವರಿಗೂ ಕರೆಂಟ್ ಹೋಗುತ್ತೇನೇ?"

2024ರ ಅಕ್ಟೋಬರಿನ ಒಂದು ಸಂಜೆ. ಊಟ ಮುಗಿಸಿ ಟೀವಿಯ ಮುಂದೆ ಕೂತಿದ್ದೆ. ಅರಸೀಕೆರೆಯಿಂದ ಬ್ರಿಟನ್ನಿನ ನಮ್ಮ ಮನೆಗೆ ಬಂದಿದ್ದ ನಮ್ಮತ್ತೆ ಪಕ್ಕದಲ್ಲಿ ಕೂತು ನಾಳೆಯ ಪಲ್ಯಕ್ಕೆ ಬೀನ್ಸ್ ನಾರು ತೆಗೆಯುತ್ತಿದ್ದರು. ನಾನು ಹಾಕಿದ್ದು ಬಿಬಿಸಿಯ 'ವುಲ್ಫ್ ಹಾಲ್' ಧಾರಾವಾಹಿ. ಹದಿನಾರನೇ ಶತಮಾನದ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಆಸ್ಥಾನದ ಕಥೆ. ತೆರೆಯ ಮೇಲೆ ಒಂದು ಕೋಣೆ, ಎರಡು ಮೇಣದಬತ್ತಿ, ಮೂರು ಕಪ್ಪು ಟೊಪ್ಪಿ. ಉಳಿದದ್ದೆಲ್ಲ ಕತ್ತಲು. ಯಾರೂ ಮಾತಾಡುತ್ತಿಲ್ಲ. ಅತ್ತೆ ಐದು ನಿಮಿಷ ನೋಡಿದರು. ಆಮೇಲೆ ಕೇಳಿದರು: "ಇವರಿಗೂ ಕರೆಂಟ್ ಹೋಗುತ್ತೇನೇ?"

ನಕ್ಕುಬಿಟ್ಟೆ. ಆದರೆ ಅತ್ತೆಯ ದೂರು ಹೊಸದೇನಲ್ಲ. 2015ರ ಜನವರಿ 21ರಂದು ಇದರ ಮೊದಲ ಕಂತು ಬಂದಾಗಲೂ ಎಷ್ಟೋ ಇಂಗ್ಲಿಷರು ಇದನ್ನೇ ಹೇಳಿದ್ದರು. ಏನೂ ಕಾಣುವುದಿಲ್ಲ, ಟೀವಿ ಕೆಟ್ಟಿದೆ ಅಂದುಕೊಂಡೆವು ಅಂತ. ನಿರ್ದೇಶಕ ಪೀಟರ್ ಕೋಸ್ಮಿನ್ಸ್ಕಿ ಬೇಕೆಂದೇ ಹಾಗೆ ಮಾಡಿದ್ದರು. ಆ ಕಾಲದಲ್ಲಿ ರಾತ್ರಿ ಹೊತ್ತು ಮೇಣದಬತ್ತಿ ಬಿಟ್ಟರೆ ಬೇರೆ ಬೆಳಕಿಲ್ಲ, ಹಾಗಾಗಿ ಚಿತ್ರೀಕರಣಕ್ಕೂ ಅದೇ ಸಾಕು ಅನ್ನುವುದು ಅವರ ಹಟ. ಹಟ ಸರಿಯೇ. ನಮ್ಮ ಮನೆಯಲ್ಲಿ ಮಾತ್ರ ಟೀವಿಯ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಪರದೆ ಎಳೆದು, ಅಡುಗೆಮನೆಯ ದೀಪವನ್ನೂ ಆರಿಸಬೇಕಾಯಿತು.

ಅಂದು ರಾತ್ರಿ ಬಿಬಿಸಿ ಟೂ ಚಾನೆಲ್ಲಿನಲ್ಲಿ ಸುಮಾರು 39 ಲಕ್ಷ ಮಂದಿ ನೋಡಿದ್ದರು. ಆ ಚಾನೆಲ್ಲಿಗೆ ಅದು ಭಾರಿ ದೊಡ್ಡ ಸಂಖ್ಯೆ. ಮುಂದಿನ ಬುಧವಾರದ ಹೊತ್ತಿಗೆ ಹತ್ತು ಲಕ್ಷದಷ್ಟು ಜನ ಎದ್ದು ಹೋಗಿದ್ದರು. ಒಂದು ಕಡೆ ವಿಮರ್ಶಕರ ಹೊಗಳಿಕೆಯ ಮಳೆ, ಇನ್ನೊಂದು ಕಡೆ ಸೋಫಾದ ಮೇಲೆ ತೂಕಡಿಕೆ. ಆಮೇಲೆ ಬಾಫ್ಟಾ ಬಂತು, ಗೋಲ್ಡನ್ ಗ್ಲೋಬ್ ಬಂತು. ತೂಕಡಿಸಿದವರು ಒಪ್ಪಲಿಲ್ಲ. ಪ್ರಶಸ್ತಿ ಬಂದರೆ ನಿದ್ದೆ ಹೋಗುತ್ತಾ?

ಎರಡನೇ ಭಾಗ 2024ರ ನವೆಂಬರ್ 10ರಂದು ಶುರುವಾಯಿತು. ಆಗ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಗಡಿಬಿಡಿ. ಸ್ಕೂಲ್ ಹಾಲಿನಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ನನ್ನ ಹಿಂದೆ ಇದೇ ಚರ್ಚೆ. "ಒಂದು ಗಂಟೆಯಲ್ಲಿ ಒಬ್ಬ ಬಾಗಿಲು ತೆಗೆದ, ಇನ್ನೊಬ್ಬ ಹಾಕಿದ, ಅಷ್ಟೇ" ಅಂದರು ಒಬ್ಬರು. "ನಿಮಗೆ ಕುದುರೆ, ಕತ್ತಿ, ಹಾಸಿಗೆ ಸೀನ್ ಬೇಕು ಬಿಡಿ" ಅಂದರು ಇನ್ನೊಬ್ಬರು. ಮೂರನೆಯವರು ನನ್ನನ್ನು ಕೇಳಿದರು, "ನೀವು ಸಂಪಾದಕರು, ಹೇಳಿ ಮೇಡಂ, ಯಾರು ಸರಿ?" ತಟ್ಟೆ ಕೈಗೆ ಬಂದಿತ್ತು, ತಪ್ಪಿಸಿಕೊಂಡೆ. ಈಗ ಸಂಘದ ಪತ್ರಿಕೆಯ ಈ ಯುಗಾದಿ ಸಂಚಿಕೆಯಲ್ಲಿ ಉತ್ತರ ಕೊಡುತ್ತಿದ್ದೇನೆ.

ಮೊದಲು ದೂರಿದವರ ಪರವಾಗಿ ಎರಡು ಮಾತು. ಇದರಲ್ಲಿ ಎಲ್ಲರ ಹೆಸರೂ ಥಾಮಸ್. ಕಥಾನಾಯಕ ಥಾಮಸ್ ಕ್ರಾಮ್‌ವೆಲ್. ಅವನ ಒಡೆಯ ಕಾರ್ಡಿನಲ್ ಥಾಮಸ್ ವುಲ್ಸಿ. ಎದುರಾಳಿ ಥಾಮಸ್ ಮೋರ್. ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್, ಕವಿ ಥಾಮಸ್ ವಾಯಟ್, ಹೆನ್ರಿಯ ಎರಡನೇ ರಾಣಿ ಆನ್ ಬೊಲಿನ್‌ಳ ಅಪ್ಪ ಥಾಮಸ್ ಬೊಲಿನ್, ಅವಳ ಸೋದರಮಾವ ನಾರ್ಫೋಕಿನ ಡ್ಯೂಕ್ ಥಾಮಸ್ ಹೊವರ್ಡ್. ನಮ್ಮ ಸಂಘದ ಪಿಕ್ನಿಕ್ಕಿನಲ್ಲಿ "ಮಂಜು" ಅಂತ ಕೂಗಿದರೆ ಆರು ತಲೆ ತಿರುಗುತ್ತವಲ್ಲ, ಹಾಗೆ. ಎದ್ದು ಹೋದ ಹತ್ತು ಲಕ್ಷದಲ್ಲಿ ಅರ್ಧ ಜನ ಥಾಮಸ್‌ಗಳನ್ನು ಎಣಿಸಿ ಸುಸ್ತಾಗಿ ಹೋಗಿರಬೇಕು ಅನ್ನುವುದು ನನ್ನ ಗುಮಾನಿ. ಇನ್ನೊಂದು, ಎರಡನೇ ಭಾಗದಲ್ಲಿ ಎಲ್ಲವೂ ಕೋಣೆಯ ಒಳಗೇ ನಡೆಯುತ್ತದೆ ಅನ್ನುವ ಆಕ್ಷೇಪ. ಅದಕ್ಕೆ ಕಾರಣ ಕಲೆಯಲ್ಲ, ಕಾಸು. ದುಡ್ಡು ಸಾಲದೆ ಹೊರಗಿನ ದೃಶ್ಯಗಳನ್ನು ಕೈಬಿಟ್ಟೆವು, ತಾನು, ಬರಹಗಾರ, ನಿರ್ಮಾಪಕ, ಮುಖ್ಯ ನಟ ಎಲ್ಲರೂ ಸಂಭಾವನೆಯಲ್ಲಿ ದೊಡ್ಡ ಪಾಲು ಬಿಟ್ಟುಕೊಟ್ಟೆವು ಅಂತ ಕೋಸ್ಮಿನ್ಸ್ಕಿಯೇ ಪಾರ್ಲಿಮೆಂಟಿನ ಸಮಿತಿಗೆ ತಿಳಿಸಿದ್ದಾರೆ.

ಆದರೆ "ಏನೂ ನಡೆಯೋದೇ ಇಲ್ಲ" ಅನ್ನುವ ಮಾತಿಗೆ ನನ್ನ ತಕರಾರಿದೆ.

ಇಲ್ಲಿ ಪೌರತ್ವ ಪಡೆದ ನಾವೆಲ್ಲ 'ಲೈಫ್ ಇನ್ ದಿ ಯುಕೆ' ಪರೀಕ್ಷೆಗೆ ಹೆನ್ರಿಯ ಆರು ಹೆಂಡತಿಯರನ್ನು ಉರು ಹೊಡೆದವರೇ. 24 ಪ್ರಶ್ನೆ, 45 ನಿಮಿಷ, 18 ಸರಿಯಾದರೆ ಪಾಸು. ನಮ್ಮ ಮನೆಯವರು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: ಬಿಟ್ಟ, ಕಡಿಸಿದ, ಸತ್ತಳು, ಬಿಟ್ಟ, ಕಡಿಸಿದ, ಉಳಿದಳು. ಆರು ಪದದಲ್ಲಿ ಕಥೆ ಮುಗಿಯಿತು. ಹಾಗೆ ಓದಿದರೆ ಹೆನ್ರಿ ಬಸ್ಸು ಬದಲಾಯಿಸಿದಂತೆ ಹೆಂಡತಿ ಬದಲಾಯಿಸಿದ ಅನ್ನಿಸುತ್ತದೆ. ನಿಜದಲ್ಲಿ ಮೊದಲನೆಯವಳಾದ ಕ್ಯಾಥರೀನ್ ಜೊತೆಗಿನ ಮದುವೆ ನಡೆದದ್ದು 1509ರಲ್ಲಿ. ಅದನ್ನು ಮುರಿಯಲು ಹೊರಟದ್ದು 1527ರಲ್ಲಿ. ಮುರಿದದ್ದು 1533ರಲ್ಲಿ. ಆರು ವರ್ಷ! ರೋಮಿನ ಪೋಪನಿಗೆ ಪತ್ರ, ರೋಮಿನಿಂದ ಉತ್ತರ, ವಾದ, ಮುಂದೂಡಿಕೆ, ಮತ್ತೆ ಪತ್ರ. ರಾಜನೇ ಕಾಯುತ್ತಿದ್ದ. ಅವನ ಬಾಗಿಲಲ್ಲಿ ಉಳಿದವರೆಲ್ಲ ಕಾಯುತ್ತಿದ್ದರು. ಆಸ್ಥಾನ ಅಂದರೆ ಕಾಯುವ ಜಾಗ. ಯಾರು ರಾಜನ ಎಷ್ಟು ಹತ್ತಿರ ಹೋಗಬಹುದು ಅನ್ನುವುದೇ ಅಲ್ಲಿನ ರಾಜಕೀಯ. ಅದೆಷ್ಟರ ಮಟ್ಟಿಗೆ ಅಂದರೆ, ರಾಜ ಶೌಚಕ್ಕೆ ಕೂತಾಗ ಪಕ್ಕದಲ್ಲಿ ನಿಂತು ಸೇವೆ ಮಾಡುವವನ ಹುದ್ದೆಗೆ ದೊಡ್ಡ ಮನೆತನದವರು ಹಾತೊರೆಯುತ್ತಿದ್ದರು. ಹೆನ್ರಿ ನಾರಿಸ್ ಅನ್ನುವವನು ಆ ಕೆಲಸದಲ್ಲಿದ್ದ. ರಾಜನಿಗೆ ಅಷ್ಟು ಹತ್ತಿರದವನು ಬೇರೆ ಯಾರಿದ್ದಾರು?

ಇಂಥ ಜಾಗದ ಕಥೆಯನ್ನು ಓಡಿಸಿಕೊಂಡು ಹೇಳಿದರೆ ಅದು ಬೇರೆಯೇ ಕಥೆಯಾಗುತ್ತದೆ.

ಅತ್ತೆ ಇದನ್ನು ನನಗಿಂತ ಬೇಗ ಹಿಡಿದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಕೆಳಗಿನ ಅಕ್ಷರ ಓದುವುದರಲ್ಲಿ ಮುಳುಗಿದ್ದರೆ ಅವರು ಮುಖ ನೋಡುತ್ತಿದ್ದರು. ಕ್ರಾಮ್‌ವೆಲ್ ಪಾತ್ರದ ಮಾರ್ಕ್ ರೈಲನ್ಸ್ ಹೆಚ್ಚು ಮಾತಾಡುವುದೇ ಇಲ್ಲ. ಗೋಡೆ ಪಕ್ಕ ನಿಂತಿರುತ್ತಾನೆ, ಕಿಟಕಿ ಹತ್ತಿರ ನಿಂತಿರುತ್ತಾನೆ, ಯಾರೋ ಬೈದರೂ ನಿಂತೇ ಇರುತ್ತಾನೆ. ಪಟ್ನಿಯ ಕಮ್ಮಾರನ ಮಗ. ಹುಟ್ಟಿನಲ್ಲಿ ದೊಡ್ಡವರಾದ ಡ್ಯೂಕುಗಳು ಅವನನ್ನು ಆಳಿನಂತೆ ಮಾತಾಡಿಸುತ್ತಾರೆ. ಅತ್ತೆ ಬೀನ್ಸ್ ಬದಿಗಿಟ್ಟು ಅಂದರು, "ಇವನು ಬಾಯಿ ಬಿಡಲ್ಲ ಕಣೇ, ಆದ್ರೆ ಎಲ್ಲಾರ್ದೂ ಲೆಕ್ಕ ಇಟ್ಕೋತಾವ್ನೆ." ಆಗ ಇನ್ನೂ ಎರಡನೇ ಕಂತು.

ನಮ್ಮ ಧಾರಾವಾಹಿಗಳೂ ನಿಧಾನವೇ ಅಲ್ವಾ? ಸೊಸೆಯ ಕೈಯಿಂದ ಜಾರಿದ ಕಾಫಿ ಲೋಟ ನೆಲ ಮುಟ್ಟಲು ಸೋಮವಾರದಿಂದ ಬುಧವಾರದ ತನಕ ಹಿಡಿಯುತ್ತದೆ. ಅದನ್ನು ವರ್ಷಗಟ್ಟಲೆ ತಾಳ್ಮೆಯಿಂದ ನೋಡುವ ನಾವೇ ಇದನ್ನು ನಿಧಾನ ಅನ್ನುತ್ತೇವೆ. ಯಾಕೆ ಅಂತ ಯೋಚಿಸಿದೆ. ಅಲ್ಲಿ ನಮಗೆ ಗೊತ್ತಿರುವುದನ್ನೇ ಆರು ಸಲ ಹೇಳುತ್ತಾರೆ. ತರಕಾರಿ ಹೆಚ್ಚುತ್ತಾ ನೋಡಿದರೂ ನಡೆಯುತ್ತದೆ. ಇಲ್ಲಿ ಗೊತ್ತಾಗಬೇಕಾದದ್ದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಫೋನ್ ಕೈಗೆತ್ತಿಕೊಂಡಿರೋ, ಒಂದು ನೋಟ ತಪ್ಪಿತು. ಆಮೇಲೆ ಮೂರು ಕಂತು ಏನೂ ಅರ್ಥವಾಗುವುದಿಲ್ಲ. ನನಗೆ 2015ರಲ್ಲಿ ಆದದ್ದು ಹಾಗೆಯೇ. ನಾನೂ ಎದ್ದು ಹೋದವರಲ್ಲಿ ಒಬ್ಬಳು, ಈಗ ಒಪ್ಪಿಕೊಳ್ಳುತ್ತೇನೆ.

ಒಂದು ದೃಶ್ಯ ಹೇಳುತ್ತೇನೆ. ಅಧಿಕಾರ ಕಳೆದುಕೊಂಡ ಕಾರ್ಡಿನಲ್ ವುಲ್ಸಿ 1530ರಲ್ಲಿ ತೀರಿಕೊಳ್ಳುತ್ತಾನೆ. ಆಸ್ಥಾನದಲ್ಲಿ ಅವನನ್ನು ಅಣಕಿಸುವ ಒಂದು ಆಟ ಆಡುತ್ತಾರೆ. ದೆವ್ವದ ವೇಷ ಹಾಕಿದ ನಾಲ್ವರು ಕಾರ್ಡಿನಲ್ ವೇಷದವನ ಕೈಕಾಲು ಹಿಡಿದು ನರಕಕ್ಕೆ ಎಳೆದೊಯ್ಯುತ್ತಾರೆ. ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ವುಲ್ಸಿಯ ಉಪ್ಪು ತಿಂದ ಕ್ರಾಮ್‌ವೆಲ್ ನಗುವುದಿಲ್ಲ, ಸಿಟ್ಟೂ ತೋರಿಸುವುದಿಲ್ಲ. ಸುಮ್ನೆ ತೆರೆಯ ಹಿಂದೆ ಹೋಗಿ, ಮುಖವಾಡ ತೆಗೆದವರು ಯಾರು ಅಂತ ನೋಡಿಕೊಳ್ಳುತ್ತಾನೆ. ಅಷ್ಟೇ. ಇಲ್ಲೇ ಎಷ್ಟೋ ಜನ ಚಾನೆಲ್ ಬದಲಾಯಿಸಿರಬೇಕು. ವರ್ಷಗಳು ಕಳೆದು 1536 ಬರುತ್ತದೆ. ರಾಜನಿಗೆ ಈಗ ಆನ್ ಬೊಲಿನ್ ಸಾಕಾಗಿದ್ದಾಳೆ. ಅವಳ ಮೇಲೆ ವ್ಯಭಿಚಾರದ ಆರೋಪ ಹೊರಿಸಲು ಗಂಡಸರ ಹೆಸರು ಬೇಕು. ಕ್ರಾಮ್‌ವೆಲ್ ಹೆಸರು ಬರೆಯುತ್ತಾನೆ. ಜಾರ್ಜ್ ಬೊಲಿನ್, ವೆಸ್ಟನ್, ಬ್ರೆರೆಟನ್, ಮತ್ತು ಆ ಶೌಚದ ಸೇವೆಯ ನಾರಿಸ್. ಅದೇ ನಾಲ್ಕು ಮುಖ. ಅಂಥ ಅಣಕು ಆಟ ನಡೆದದ್ದು ನಿಜ. ಆ ನಾಲ್ವರೇ ದೆವ್ವಗಳಾಗಿದ್ದರು ಅನ್ನುವುದು ಮಾತ್ರ ಮೂಲ ಕಾದಂಬರಿ ಬರೆದ ಹಿಲರಿ ಮ್ಯಾಂಟೆಲ್ ಅವರ ಕಲ್ಪನೆ. ಎಂಥಾ ಕಲ್ಪನೆ! ನನಗೆ ಮೈ ಜುಮ್ಮೆಂದಿತು. ಅತ್ತೆ ತಣ್ಣಗೆ, "ನಾ ಹೇಳ್ಲಿಲ್ವಾ" ಅಂದರು.

ಇನ್ನು ವೇಗ ಬೇಕೆನ್ನುವವರು ಈ ತಾರೀಕು ನೋಡಿ. ಆನ್ ಬಂಧನ ಮೇ 2ಕ್ಕೆ. ಮೇ 17ಕ್ಕೆ ಆ ಗಂಡಸರ ತಲೆ ಹೋಯಿತು. ಮೇ 19ಕ್ಕೆ ಅವಳದು. ಕತ್ತಿ ಬೀಸಲು ಸಮುದ್ರದಾಚೆ ಕ್ಯಾಲೆಯಿಂದ ಆಳನ್ನು ಕರೆಸಿದ್ದರು. ಮೇ 30ಕ್ಕೆ ರಾಜನಿಗೆ ಜೇನ್ ಸೀಮರ್ ಜೊತೆ ಮದುವೆ. ಮೊದಲ ಹೆಂಡತಿಯನ್ನು ಬಿಡಲು ಆರು ವರ್ಷ, ಎರಡನೆಯವಳ ಕಥೆ ಮುಗಿಸಲು ಹದಿನೇಳು ದಿನ. ಐದು ಕಂತು ಆ ನಿಧಾನದಲ್ಲಿ ಕೂತಿದ್ದರೆ ಮಾತ್ರ ಆರನೆಯದು ಎದೆಗೆ ಒದ್ದ ಹಾಗೆ ಬರುತ್ತದೆ. ಕೊನೆಯಲ್ಲಿ ಹೆನ್ರಿಯ ಪಾತ್ರದ ಡೇಮಿಯನ್ ಲೂಯಿಸ್ ಎರಡೂ ತೋಳು ಚಾಚಿ, ನಗುತ್ತಾ ಕ್ರಾಮ್‌ವೆಲ್‌ನನ್ನು ತಬ್ಬಿಕೊಳ್ಳುತ್ತಾನೆ. ಆಗ ರೈಲನ್ಸ್ ಮುಖ ನೋಡಬೇಕು. ಗೆದ್ದವನ ಮುಖವಲ್ಲ ಅದು.

ಕೆಲವರ ಅಸಮಾಧಾನ ನಿಧಾನದ ಬಗ್ಗೆ ಅಲ್ಲ, ಥಾಮಸ್ ಮೋರ್ ಬಗ್ಗೆ. 1535ರಲ್ಲಿ ತಲೆ ಕೊಟ್ಟ ಮೋರ್‌ಗೆ 1935ರಲ್ಲಿ ರೋಮ್ ಸಂತ ಪದವಿ ಕೊಟ್ಟಿದೆ. ಇಲ್ಲಿ ಅವನು ಜಂಬದ, ಕ್ರೂರ ಮನುಷ್ಯನಾಗಿ ಕಾಣುತ್ತಾನೆ. ಇದು ಅನ್ಯಾಯ ಅಂತ ಕೆಲವು ಕ್ಯಾಥೊಲಿಕ್ ಬಿಷಪ್ಪರೂ ಇತಿಹಾಸಕಾರರೂ ಆಗಲೇ ಹೇಳಿದ್ದರು. ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ. ಕ್ರಾಮ್‌ವೆಲ್ ಕಣ್ಣಿನಿಂದ ನೋಡಿದರೆ ಮೋರ್ ಹಾಗೆ ಕಂಡಾನು, ಆದರೆ ಕ್ರಾಮ್‌ವೆಲ್ ಏನು ಕಡಿಮೆ ಆಸಾಮಿಯೇ? ನ್ಯೂಯಾರ್ಕಿನಲ್ಲಿ ಇರುವ ನಮ್ಮ ಓದುಗರು ಫ್ರಿಕ್ ಕಲೆಕ್ಷನ್ ಅನ್ನುವ ಕಲಾ ಸಂಗ್ರಹಾಲಯದ ಕಡೆ ಹೋದರೆ ನೋಡಿ. ಹೋಲ್ಬೈನ್ ಬರೆದ ಇಬ್ಬರ ಚಿತ್ರಗಳನ್ನೂ ಒಂದೇ ಅಗ್ಗಿಷ್ಟಿಕೆಯ ಆಚೆ ಈಚೆ ತೂಗುಹಾಕಿದ್ದಾರೆ. ಇಬ್ಬರ ತಲೆಯನ್ನೂ ಕಡಿಸಿದವನು ಒಬ್ಬನೇ.

ಎರಡು ಭಾಗಗಳ ನಡುವೆ ಒಂಬತ್ತು ವರ್ಷ ಹೋಯಿತು. ಕಥೆ ಮುಂದುವರಿಯುವುದು ಆನ್ ಸತ್ತ ಆ ದಿನದಿಂದಲೇ. ಒಂದೇ ರಾತ್ರಿಯಲ್ಲಿ ಎಲ್ಲರಿಗೂ ಒಂಬತ್ತು ವರ್ಷ ವಯಸ್ಸಾಗಿದೆ ಅಂತ ಜನ ತಮಾಷೆ ಮಾಡಿದರು. ನಾರ್ಫೋಕ್ ಆಗಿದ್ದ ಬರ್ನಾರ್ಡ್ ಹಿಲ್ ಬದಲು ಟಿಮತಿ ಸ್ಪಾಲ್ ಬಂದರು. ಹಿಲ್ 2024ರ ಮೇ ತಿಂಗಳಲ್ಲಿ ತೀರಿಕೊಂಡರು. ಮ್ಯಾಂಟೆಲ್ 2022ರಲ್ಲೇ ಹೋಗಿದ್ದರು, ತಮ್ಮ ಮೂರನೇ ಕಾದಂಬರಿ ತೆರೆಗೆ ಬಂದದ್ದನ್ನು ನೋಡಲಿಲ್ಲ. ಆದರೆ ನನಗೆ ಆ ಮುಪ್ಪಾದ ಮುಖಗಳು ಹಿಡಿಸಿದವು. ಕ್ರಾಮ್‌ವೆಲ್ ಒಳಗೊಳಗೇ ಸವೆದಿದ್ದಾನೆ ಅನ್ನುವುದಕ್ಕೆ ಮೇಕಪ್ ಬೇಕಾಗಲಿಲ್ಲ.

ಚಿತ್ರೀಕರಣ ನಡೆದ ಮನೆಗಳನ್ನು ನೋಡಬೇಕು ಅನ್ನುವವರಿಗೆ: ಸಾಮರ್ಸೆಟ್ಟಿನ ಮಾಂಟಿಕ್ಯೂಟ್ ಹೌಸ್ ಮೊದಲ ಭಾಗದಲ್ಲಿ ಗ್ರೀನಿಚ್ ಅರಮನೆಯಾಗಿದೆ. ವಿಲ್ಟ್‌ಶೈರಿನ ಗ್ರೇಟ್ ಚಾಲ್‌ಫೀಲ್ಡ್ ಮ್ಯಾನರ್ ಕ್ರಾಮ್‌ವೆಲ್ ಮನೆಯಾಗಿದೆ. ಬೇಸಿಗೆ ಪ್ರವಾಸಕ್ಕೆ ಈ ಎರಡನ್ನೂ ಸಮಿತಿಯ ಮುಂದಿಟ್ಟಿದ್ದೇನೆ. ಪುಳಿಯೋಗರೆ ಜವಾಬ್ದಾರಿ ಯಾರದು ಅಂತ ಇನ್ನೂ ತೀರ್ಮಾನವಾಗಿಲ್ಲ.

ವೀಸಾದ ಆರು ತಿಂಗಳು ಮುಗಿದು ಅತ್ತೆ ನವೆಂಬರ್ ಕೊನೆಗೆ ಊರಿಗೆ ಹೊರಟರು. ಎರಡನೇ ಭಾಗದ ಮೂರು ಕಂತು ಬಾಕಿ ಇದ್ದವು. ಡಿಸೆಂಬರ್ 15ಕ್ಕೆ ಅದು ಮುಗಿಯಿತು. ಮಾರನೇ ದಿನ ಅವರೇ ಫೋನ್ ಮಾಡಿದರು. ನಾನು ಎಲ್ಲ ಹೇಳಿದೆ. ಸಭೆಯಲ್ಲೇ ಕ್ರಾಮ್‌ವೆಲ್‌ನನ್ನು ಹಿಡಿದದ್ದು, ಅವನ ಕೊರಳಿನ ಪದಕ ಕಿತ್ತುಕೊಂಡದ್ದು, 1540ರ ಜುಲೈ 28ರಂದು ಅವನ ತಲೆ ತೆಗೆದದ್ದು, ಅದೇ ದಿನ ರಾಜ ಐದನೇ ಮದುವೆ ಮಾಡಿಕೊಂಡದ್ದು. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಳುತ್ತಿದ್ದಾರೇನೋ ಅಂದುಕೊಂಡೆ.

"ಐದನೇದಾ?" ಅಂದರು. "ಫ್ರಿಜ್ಜಿನ್ ಮೇಲೆ ಆರು ಅಂತ ಇತ್ತಲ್ಲೇ. ಇನ್ನೊಬ್ಳು ಬಾಕಿ ಇರೋವಾಗ ಹೆಂಗೆ ಮುಗಿಸಿದ್ರು?"