ದೊಡ್ಡಮಳ್ತೆಯ ಬೆಟ್ಟ ಸುತ್ತುವ ಮುನ್ನ: ಮಗಳಿಗೊಂದು ಪತ್ರ

ಸೋಮವಾರಪೇಟೆ,
ಶ್ರಾವಣದ ಕೊನೆಯ ವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಗೌರಿ ಹಬ್ಬಕ್ಕೆ ಗೆಳತಿಯರನ್ನೂ ಕರೆತರುತ್ತೇನೆ, ಅವರಿಗೆ ದೊಡ್ಡಮಳ್ತೆಯ ಕಲ್ಮನೆಗಳನ್ನು ತೋರಿಸಬೇಕು, ದಾರಿ ಕಷ್ಟವೇ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ನೆಟ್‌ವರ್ಕ್ ನುಂಗುತ್ತದೆ, ಅರ್ಧ ನಿನ್ನ ಅವಸರ ನುಂಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ದಾರಿ ಕಷ್ಟದ್ದಲ್ಲ. ಹಾಗೆಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಬರುವಂಥದ್ದೂ ಅಲ್ಲ. ಹೊನ್ನಮ್ಮನ ಕೆರೆಯಿಂದ ಹೊರಟು, ತೋಟದ ಬೇಲಿ ಹಿಡಿದು ಮೋರಿಬೆಟ್ಟ ಹತ್ತಿ, ಗವಿಬೆಟ್ಟದ ಕಡೆಯಿಂದ ಇಳಿದು ಮತ್ತೆ ಕೆರೆಗೇ ಬಂದು ಸೇರಿದರೆ ಒಂದು ಸುತ್ತು. ಅಲ್ಲಲ್ಲಿ ಕುಳಿತು ದಣಿವಾರಿಸಿಕೊಂಡು ಬಂದರೂ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಗೆ ಮುಟ್ಟಬಹುದು. ಜೀಪಿನಲ್ಲಿ ಹತ್ತಿರದವರೆಗೆ ಹೋಗಿ, ಫೋಟೋ ತೆಗೆದು, ಹಿಂದೆ ಬರುವವರೂ ಇದ್ದಾರೆ. ನೀನು ಹಾಗೆ ಮಾಡಬೇಡ. ಗದ್ದೆ, ಕೆರೆ, ತೋಟ, ಹುಲ್ಲುಗುಡ್ಡ ಎಲ್ಲವನ್ನೂ ಕಾಲಿನಲ್ಲಿ ದಾಟಿ ಮೇಲೆ ಹೋದವರಿಗೆ ಮಾತ್ರ ಆ ಕಲ್ಮನೆಗಳನ್ನು ಕಟ್ಟಿದ ಹಳೆಯ ಜನ ಸತ್ತವರಿಗೆಂದು ಅದೇ ಬೆಟ್ಟವನ್ನು ಯಾಕೆ ಆರಿಸಿಕೊಂಡರು ಎಂಬುದು ಸ್ವಲ್ಪವಾದರೂ ಮನಸ್ಸಿಗೆ ಬರುತ್ತದೆ.

ಹಬ್ಬದ ದಿನ ಹೋಗಬೇಡಿ. ಸ್ವರ್ಣಗೌರಿ ವ್ರತದಂದು ಹೊನ್ನಮ್ಮನಿಗೆ ಬಾಗಿನ ಅರ್ಪಿಸಲು ಕೆರೆಯ ಬಳಿ ಜನವೋ ಜನ. ಅಂದು ನನ್ನ ಜೊತೆ ಬಂದು ಬಾಗಿನ ಬಿಡು, ಸಾಕು. ನಿನ್ನ ಗೆಳತಿಯರು ಹೊನ್ನಮ್ಮನ ಕಥೆ ಕೇಳಿಯೇ ಕೇಳುತ್ತಾರೆ. ಕೆರೆ ತೋಡಿಸಿದರೂ ನೀರು ಬರಲಿಲ್ಲ, ಹೊನ್ನಮ್ಮ ತನ್ನನ್ನೇ ಕೊಟ್ಟುಕೊಂಡಳು, ಕೆರೆ ತುಂಬಿತು ಎಂದು ಹೇಳಿ. ಅದನ್ನು ತ್ಯಾಗವೆಂದು ಹೊಗಳಿ ಮುಗಿಸಬೇಡ. ನನಗೆ ಆ ನೀರನ್ನು ಕಂಡಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಊರಿಗೆ ನೀರು ಬೇಕಾದಾಗ ಮನೆಯ ಹೆಣ್ಣೇ ಯಾಕೆ ಹೋಗಬೇಕಿತ್ತು ಎಂದು ಬಾಗಿನ ಬಿಡುವ ಕೈಯೇ ಕೇಳುತ್ತದೆ.

ಗಣೇಶನ ಪೂಜೆಯೂ ಮುಗಿದ ಮೇಲೆ ಒಂದು ಬೆಳಿಗ್ಗೆ ಹೊರಡಿ. ಮಂಜು ಆರದಿದ್ದರೆ ಕಾಯಿರಿ, ಮಬ್ಬಿನಲ್ಲಿ ತೋಟದೊಳಗೆ ನುಗ್ಗಬೇಡಿ. ಆನೆಗಳ ಓಡಾಟ ಎಲ್ಲಿದೆ ಎಂದು ಊರಿನವರನ್ನು ಕೇಳದೆ ಹೆಜ್ಜೆ ಇಡಬಾರದು. ತೋಟದಲ್ಲಿ ಕೆಲಸದವರು ಸಿಕ್ಕರೆ ನಿಂತು ಮಾತನಾಡಿಸಿ, ಇಂಥವರ ಮಗಳು ಎಂದು ಹೇಳಿಕೋ. ಆಮೇಲೆ ದಾರಿ ತಪ್ಪಿದರೂ ಕೂಗಿ ಕರೆಯುವವರು ಇರುತ್ತಾರೆ.

ಸಿಲ್ವರ್ ಓಕ್ ಮರಗಳ ನೆರಳು ಮುಗಿದು ಹುಲ್ಲು ಶುರುವಾದ ಮೇಲೆ ಏರು ಸ್ವಲ್ಪ ಕಡಿದಾಗುತ್ತದೆ. ಹಿಂತಿರುಗಿ ನೋಡಿದರೆ ಕೆರೆ ಕಾಣುತ್ತದೆ. ಮೋಡ ಸರಿದಿದ್ದರೆ ಪುಷ್ಪಗಿರಿಯ ಸಾಲು ಕಂಡರೂ ಕಾಣಬಹುದು. ನಿಮ್ಮ ಅದೃಷ್ಟ. ಆಮೇಲೆ ಕಲ್ಲುಗಳು.

ಊರಿನವರು ಇವನ್ನು ಪಾಂಡವರ ಮನೆ ಎನ್ನುತ್ತಾರೆ. ವನವಾಸದಲ್ಲಿ ಪಾಂಡವರು ಇಲ್ಲಿದ್ದರು, ಅಷ್ಟು ದೊಡ್ಡ ಚಪ್ಪಡಿ ಎತ್ತಲು ಭೀಮನಿಗಲ್ಲದೆ ಯಾರಿಗೆ ಸಾಧ್ಯ ಎಂದು ನಿನ್ನ ಅಜ್ಜಿಯೂ ಹೇಳುತ್ತಿದ್ದಳು. ಅವಳ ಮಾತನ್ನು ನಾನು ಎಂದೂ ಅಲ್ಲಗಳೆದಿಲ್ಲ. ಆದರೆ ನಿನಗೆ ಗೊತ್ತಿರಲಿ, ಇವು ಮನೆಗಳಲ್ಲ, ಸಮಾಧಿಗಳು. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಕಾಲ ಸುಮಾರು ಕ್ರಿ.ಪೂ. 1200ರಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ಎಂದು ವಿದ್ವಾಂಸರು ಹೇಳುತ್ತಾರೆ. ಕಬ್ಬಿಣ ಕಾಯಿಸಿ ಬಡಿಯಲು ಕಲಿತ, ಬರೆಯಲು ಇನ್ನೂ ಕಲಿಯದ ಜನ. ಹಾಗಾಗಿ ಒಂದು ಹೆಸರೂ ನಮಗೆ ಉಳಿದಿಲ್ಲ.

ಒಂದು ಸಮಾಧಿಯ ಮುಂದೆ ಸಾವಕಾಶವಾಗಿ ಕುಳಿತು ನೋಡಿ. ಎಲ್ಲವನ್ನೂ ನೋಡುವ ಆತುರ ಬೇಡ. ಸುತ್ತ ನೆಟ್ಟ ಕಲ್ಲುಗಳ ಬಳೆ, ನಡುವೆ ನಾಲ್ಕು ಚಪ್ಪಡಿ ನಿಲ್ಲಿಸಿ ಮಾಡಿದ ಕೋಣೆ, ಮೇಲೆ ಒಂದು ಮುಚ್ಚುಗಲ್ಲು. ಚಪ್ಪಡಿಗಳು ಮೂಲೆಯಲ್ಲಿ ಹೇಗೆ ಕೂಡಿವೆ ಎಂದು ಗಮನಿಸು. ರಟ್ಟಿನ ಪೆಟ್ಟಿಗೆಯ ಬಾಯಿಯನ್ನು ಒಂದರಡಿ ಒಂದು ಸಿಕ್ಕಿಸಿ ಮುಚ್ಚುತ್ತೇವಲ್ಲ, ಹಾಗೆ ಒಂದರ ಅಂಚಿಗೆ ಇನ್ನೊಂದು ಆತುಕೊಂಡಿರುವ ಸಮಾಧಿಗಳಿವೆ. 1947ರಲ್ಲಿ ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗಲೂ ಕಂಡದ್ದು ಇದೇ ಜೋಡಣೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಎಷ್ಟೇ ಒತ್ತಲಿ, ಕಲ್ಲುಗಳು ಒಳಕ್ಕೆ ಬೀಳುವುದಿಲ್ಲ. ಗಾರೆಯಿಲ್ಲ, ಮೊಳೆಯಿಲ್ಲ. ನಮ್ಮ ಕಡೆ ಸುರಿಯುವ ಮುಂಗಾರನ್ನು ಎರಡು ಸಾವಿರ ವರ್ಷ ತಡೆದುಕೊಂಡು ನಿಂತಿವೆ ಎಂದರೆ ಅವರ ಕೈಗೆ ನಾನು ನಮಸ್ಕಾರ ಮಾಡುತ್ತೇನೆ.

ಇನ್ನು ಆ ಕಿಂಡಿ. ಒಂದು ಚಪ್ಪಡಿಯಲ್ಲಿ ದುಂಡಗೆ ಕೊರೆದ ತೂತು. ಅದರ ಅಂಚಿನ ಮೇಲೆ ಬೆರಳು ಇಡದೆ, ಬಗ್ಗಿ ನೋಡು. ಒಡೆದ ಕಲ್ಲಿನ ಒರಟು ಅಲ್ಲಿಲ್ಲ, ಯಾರೋ ಕುಳಿತು ತಾಳ್ಮೆಯಿಂದ ಕುಟ್ಟಿ ನಯ ಮಾಡಿದ್ದಾರೆ. ಇಂಥ ಸಮಾಧಿಗಳಲ್ಲಿ ಎಷ್ಟೋ ಕಡೆ ಸತ್ತವರ ಮೂಳೆಗಳನ್ನು ಆಮೇಲೆ ಆರಿಸಿ ತಂದು, ಮಡಕೆಗಳ ಜೊತೆ ಒಳಗಿಡುತ್ತಿದ್ದರು. ಮುಚ್ಚಿದ ಕೋಣೆಗೆ ಕಿಂಡಿ ಯಾಕೆ? ಮನೆಯಲ್ಲಿ ಇನ್ನೊಂದು ಸಾವಾದಾಗ ಅವರನ್ನೂ ಇದೇ ಕೋಣೆಗೆ ಸೇರಿಸಲಿಕ್ಕೆ ಇರಬಹುದು, ಹೋದವರಿಗೆ ಅನ್ನ ನೀರು ಇಡಲಿಕ್ಕೆ ಇರಬಹುದು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ನನಗೆ ಎರಡನೆಯದೇ ನಿಜವೆನ್ನಿಸುತ್ತದೆ.

ಮುಖ್ಯವಾದ ಮಾತಿಗೆ ಈಗ ಬರುತ್ತೇನೆ. ನಿನ್ನ ಗೆಳತಿಯರಲ್ಲಿ ಯಾರೂ ಮುಚ್ಚುಗಲ್ಲಿನ ಮೇಲೆ ಹತ್ತಬಾರದು. ಕಿಂಡಿಯೊಳಗೆ ತಲೆ ತೂರಿಸಿ ಸೆಲ್ಫಿ ತೆಗೆಯಬಾರದು. ಬಿದ್ದ ಕಲ್ಲಿನ ಮೇಲೆ ಬುತ್ತಿ ಬಿಚ್ಚಬಾರದು. ಮಡಕೆಯ ಚೂರು ಕಾಲಿಗೆ ಸಿಕ್ಕಿದರೆ ಅಲ್ಲಿಯೇ ಬಿಡಬೇಕು. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಚೂರಾಗಿದ್ದರೆ ಅದು ಆ ಕಾಲದ್ದೇ ಇರಬಹುದು. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಒಳಮೈ ಕಪ್ಪಾಗಿ, ತಾಗಿದ ಹೊರಮೈ ಕೆಂಪಾಗುತ್ತದೆ. ಎಲ್ಲಿ ಸಿಕ್ಕಿತು ಎಂಬುದು ತಿಳಿದಿದ್ದರೆ ಮಾತ್ರ ಆ ಚೂರಿಗೆ ಬೆಲೆ. ನಿನ್ನ ಬೆಂಗಳೂರಿನ ಮೇಜಿನ ಮೇಲೆ ಅದು ಬರೀ ಬೋಕಿ.

ಇಷ್ಟು ಕಟುವಾಗಿ ಬರೆಯುವುದಕ್ಕೆ ಕಾರಣವಿದೆ. ನಾನು ಮದುವೆಯಾಗಿ ಬಂದಾಗ ನೆಟ್ಟಗೆ ನಿಂತಿದ್ದ ಕಲ್ಲುಗಳಲ್ಲಿ ಕೆಲವು ಈಗ ಮಲಗಿವೆ. ಪಾಂಡವರ ಮನೆ ಎಂದ ಮೇಲೆ ಬಂಗಾರ ಇರಲೇಬೇಕು ಎಂದು ನಿಧಿಯಾಸೆಗೆ ರಾತ್ರಿ ಅಗೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ವಿರಾಜಪೇಟೆಯ ಕಡೆ ಇಂಥ ಸಮಾಧಿಗಳನ್ನು ತೆರೆಸಿದಾಗ ಸಿಕ್ಕಿದ್ದು ಮಡಕೆ, ಮೂಳೆಯ ಚೂರು, ಕಬ್ಬಿಣದ ತುಂಡು, ಮಣಿಗಳು. ಅಷ್ಟೇ! ಕಟ್ಟಿಕೊಂಡ ಹೆಂಡತಿಗೋ ಹೆತ್ತ ಮಗನಿಗೋ ಕೊನೆಯದಾಗಿ ಕೊಟ್ಟ ಪಾತ್ರೆ ಪಡಗ. ಅದಕ್ಕಾಗಿ ಹಾರೆ ಹಾಕಿ ಗೋರಿ ಒಡೆಯುವವರನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ದೊಡ್ಡಮಳ್ತೆಯ ಕಲ್ಮನೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, 2010ರ ತಿದ್ದುಪಡಿಯ ನಂತರ, ಹಾಳುಗೆಡವಿದವರಿಗೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಾನೂನು ಒಳ್ಳೆಯದೇ. ಆದರೆ ಬೆಟ್ಟದ ಮೇಲೆ ಹಗಲೂ ರಾತ್ರಿ ಕಾವಲು ಕೂರುವವರು ಯಾರು? ದನ ಮೇಯಿಸುವವರು, ತೋಟದವರು, ನಿಮ್ಮಂಥ ನಡೆದು ಬರುವವರು, ಇವರ ಕಣ್ಣೇ ಕಾವಲು. ಇಂಥವೇ ಸಮಾಧಿಗಳಿರುವ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಬೆಟ್ಟದ ಮೇಲೂ ಅಂಥದೊಂದು ಅಕ್ಕರೆ ಬೀಳಲಿ ಎಂದು ಆಸೆ.

ಹೋದಾಗ ಸಮಾಧಿಗಳ ಬುಡದಲ್ಲಿ ಹೊಸದಾಗಿ ಅಗೆದ ಮಣ್ಣು ಕಂಡರೆ ಫೋಟೋ ತೆಗೆದು ಅಪ್ಪನಿಗೆ ಕಳುಹಿಸು. ಪಂಚಾಯಿತಿಗೂ ಇಲಾಖೆಗೂ ಅರ್ಜಿ ಬರೆಯುವ ಕೆಲಸ ಅವರದು. ಇಳಿಯುವಾಗ ಗವಿಬೆಟ್ಟದ ಕಡಿದಾದ ಅಂಚಿಗೆ ಹೋಗಬೇಡಿ, ಮಳೆಗಾಲದಲ್ಲಿ ಬಂಡೆಯ ಮೇಲೆ ಪಾಚಿ ಇರುತ್ತದೆ. ಹುಲ್ಲಿನಲ್ಲಿ ಜಿಗಣೆ ತಪ್ಪಿದ್ದಲ್ಲ, ಉಪ್ಪು ಮತ್ತು ಸುಣ್ಣದ ಗಂಟು ಕಟ್ಟಿ ಇಟ್ಟಿರುತ್ತೇನೆ. ಉದ್ದ ಕಾಲುಚೀಲ ಮಾತ್ರ ಅಲ್ಲಿಂದಲೇ ತರಬೇಕು, ಇಲ್ಲಿ ಅಂಗಡಿಯಲ್ಲಿ ಸಿಗುವುದು ಮಕ್ಕಳ ಅಳತೆಯದ್ದು.

ನಿನ್ನ
ಅಮ್ಮ