ಕ್ಲೈಮ್ಯಾಕ್ಸ್ ಗೊತ್ತಾದರೆ ಪಿಚ್ಚರ್ ಮುಗೀತಾ?

ಸಂಪಾದಕರೇ,

ಕಳೆದ ವಾರ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗರು ಮೂವರು. ಅವರಲ್ಲೊಬ್ಬ ಹಿಂದಿನ ರಾತ್ರಿ ನೋಡಿದ ಥ್ರಿಲ್ಲರ್ ಕಥೆ ಹೇಳುತ್ತಾ ಹೇಳುತ್ತಾ, ಕೊಲೆ ಮಾಡಿದವನು ಯಾರು ಅಂತ ಬಾಯಿ ತಪ್ಪಿ ಹೇಳಿಬಿಟ್ಟ. ಇನ್ನೊಬ್ಬನಿಗೆ ಎಂಥ ಸಿಟ್ಟು ಬಂತೆಂದರೆ ಉಣಕಲ್‌ನಿಂದ ನವಲೂರು ದಾಟುವವರೆಗೂ ಅವನ ಜೊತೆ ಮಾತೇ ಇಲ್ಲ. ಆಮೇಲೆ ಒಂದೇ ಮಾತು ಅಂದ: "ಇನ್ನೇನ್ ನೋಡ್ಲಿ ಅದನ್ನ, ಮುಗೀತಲ್ಲ."

ನನಗೆ ಮೊದಲು ನಗು ಬಂತು, ಆಮೇಲೆ ನಿಮ್ಮ ಪತ್ರಿಕೆ ನೆನಪಾಯಿತು. ನಿಮ್ಮ ಸಿನಿಮಾ ಪುಟದಲ್ಲಿ ವಿದೇಶಿ ಥ್ರಿಲ್ಲರ್ ಬಗ್ಗೆ ಬಂದಾಗೆಲ್ಲ ಅದೇ ಸಾಲು. ‘ಊಹಿಸಲಾಗದ ಟ್ವಿಸ್ಟ್’, ‘ತಲೆ ತಿರುಗಿಸುವ ಕ್ಲೈಮ್ಯಾಕ್ಸ್’. ಥ್ರಿಲ್ಲರ್ ಅಂದರೆ ಕೊನೆಯ 10 ನಿಮಿಷ, ಅದಕ್ಕೂ ಮುಂಚಿನ ಎರಡು ತಾಸು ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಕೆಲಸ ಅನ್ನೋ ಹಾಗೆ. ನನ್ನ ತಕರಾರು ಇಷ್ಟೇ. ಯುರೋಪ್, ಅಮೆರಿಕದ ಒಳ್ಳೆಯ ಥ್ರಿಲ್ಲರ್‌ಗಳಲ್ಲಿ ಬಹಳಷ್ಟನ್ನು ಕೊನೆ ಗೊತ್ತಿದ್ದೂ ನೋಡಬಹುದು. ಎರಡನೇ ಸಲ ನೋಡಿದಾಗ ಇನ್ನೂ ಚೆನ್ನಾಗಿರುತ್ತವೆ.

ಥ್ರಿಲ್ಲರ್‌ಗೇ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಇದನ್ನು ಫ್ರೆಂಚ್ ನಿರ್ದೇಶಕ ತ್ರುಫೋಗೆ ಒಂದು ಉದಾಹರಣೆ ಕೊಟ್ಟು ಹೇಳಿದ್ದ. ಮೇಜಿನ ಎರಡೂ ಕಡೆ ಇಬ್ಬರು ಕೂತು ಹರಟೆ ಹೊಡೆಯುತ್ತಿದ್ದಾರೆ, ಕೆಳಗೆ ಬಾಂಬ್ ಇದೆ. ಅದು ನಮಗೆ ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡ್ ಬೆಚ್ಚಿ ಬೀಳುತ್ತೇವೆ. ಬಾಂಬ್ ಇರೋದು ನಮಗೆ ಗೊತ್ತು, ಆ ಇಬ್ಬರಿಗೆ ಗೊತ್ತಿಲ್ಲ ಅಂದರೆ? ಅದೇ ಸಪ್ಪೆ ಹರಟೆಯನ್ನು 15 ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತೇವೆ, ಎದ್ದೇಳ್ರಪ್ಪಾ ಅಂತ ಒಳಗೊಳಗೇ ಕೂಗುತ್ತೇವೆ.

ಇದನ್ನು ಬೇಕಾದರೆ ಪರೀಕ್ಷೆ ಮಾಡಿ ನೋಡಬಹುದು. ಬೊಯಿಲೊ ಮತ್ತು ನಾರ್ಸೆಜಾಕ್ ಅಂತ ಇಬ್ಬರು ಫ್ರೆಂಚ್ ಲೇಖಕರು ಜೋಡಿಯಾಗಿ ಬರೆಯುತ್ತಿದ್ದರು. ಅವರ ಒಂದು ಕಾದಂಬರಿಯಿಂದ ಫ್ರೆಂಚ್ ನಿರ್ದೇಶಕ ಕ್ಲೂಜೊ 1955ರಲ್ಲಿ ‘ಲೆ ಡಿಯಾಬೊಲಿಕ್’ ಮಾಡಿದ. ಇನ್ನೊಂದರಿಂದ ಹಿಚ್‌ಕಾಕ್ 1958ರಲ್ಲಿ ‘ವರ್ಟಿಗೊ’ ಮಾಡಿದ. ಕ್ಲೂಜೊ ಗುಟ್ಟನ್ನು ಕೊನೆಯವರೆಗೂ ಮುಚ್ಚಿಟ್ಟ, ಪಿಚ್ಚರ್ ಮುಗಿದ ಮೇಲೆ ‘ಗೆಳೆಯರಿಗೆ ಹೇಳಬೇಡಿ’ ಅಂತ ತೆರೆಯ ಮೇಲೆ ಬರೆದೂ ಹಾಕಿದ. ಕಾದಂಬರಿಯಲ್ಲಿ ಕೊನೆಗೆ ಬಿಚ್ಚಿಕೊಳ್ಳುವ ಗುಟ್ಟನ್ನು ಹಿಚ್‌ಕಾಕ್ ಪಿಚ್ಚರ್ ಮುಗಿಯಲು ಸುಮಾರು ಅರ್ಧ ತಾಸು ಇರುವಾಗಲೇ ನಮ್ಮ ಕೈಗೆ ಕೊಟ್ಟುಬಿಟ್ಟ. ಎರಡನ್ನೂ ನಾನು ಎರಡೆರಡು ಸಲ ನೋಡಿದೆ. ‘ಡಿಯಾಬೊಲಿಕ್’ ಮೊದಲ ಸಲ ಎದೆ ಝಲ್ ಅನ್ನಿಸುತ್ತದೆ, ಎರಡನೇ ಸಲ ‘ಓಹೋ, ಇಲ್ಲಿ ಮೋಸ ಮಾಡಿದ್ದಾನೆ’ ಅಂತ ಲೆಕ್ಕ ಹಾಕುತ್ತಾ ಕೂರುತ್ತೇವೆ. ‘ವರ್ಟಿಗೊ’ ಎರಡನೇ ಸಲ ನೋಡುವಾಗ ಗುಟ್ಟು ಬಚ್ಚಿಟ್ಟುಕೊಂಡ ನಾಯಕಿಯ ಮುಖ ನೋಡಲಿಕ್ಕೇ ಆಗುವುದಿಲ್ಲ, ಅಷ್ಟು ಸಂಕಟ.

‘ದಿ ಡೇ ಆಫ್ ದಿ ಜಾಕಲ್’ ಅಂತೂ ಶುರುವಾಗುವ ಮುಂಚೆಯೇ ಮುಗಿದಿರುತ್ತದೆ. 1973ರ ಪಿಚ್ಚರ್. ಫ್ರಾನ್ಸಿನ ಅಧ್ಯಕ್ಷ ದ ಗಾಲ್‌ನನ್ನು ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುತ್ತಾನೆ. ದ ಗಾಲ್ ಯಾರ ಗುಂಡಿಗೂ ಸಿಗದೆ 1970ರಲ್ಲಿ ತನ್ನ ಮನೆಯಲ್ಲೇ ತೀರಿಕೊಂಡ ಅನ್ನೋದು ಜಗತ್ತಿಗೇ ಗೊತ್ತು. ಆದರೂ ಎರಡು ತಾಸಿಗೂ ಜಾಸ್ತಿ ಹೊತ್ತು ಕದಲದೆ ಕೂರುತ್ತೇವೆ. ಯಾಕೆ? ಅವನು ಸುಳ್ಳು ಪಾಸ್‌ಪೋರ್ಟ್ ಹೇಗೆ ಮಾಡಿಸಿಕೊಳ್ಳುತ್ತಾನೆ, ಬಂದೂಕನ್ನು ಹೇಗೆ ಬಚ್ಚಿಡುತ್ತಾನೆ, ಪೊಲೀಸ್ ಅಧಿಕಾರಿ ಒಂದೊಂದೇ ಎಳೆ ಹಿಡಿದು ಹೇಗೆ ಹತ್ತಿರ ಬರುತ್ತಾನೆ ಅನ್ನೋದೇ ಅಲ್ಲಿ ಕಥೆ.

ಇನ್ನು ನಮ್ಮ ಮನೆಯ ವಿಷಯ. ನಮ್ಮವ್ವ ಅಣ್ಣಿಗೇರಿಯವಳು, ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ನಾನು ಇಂಗ್ಲಿಷ್ ಪಿಚ್ಚರ್ ಹಚ್ಚಿದರೆ ಎದ್ದು ಒಳಗೆ ಹೋಗುತ್ತಾಳೆ. ಒಂದು ರಾತ್ರಿ ನಾನು ‘ರಿಫಿಫಿ’ ನೋಡುತ್ತಿದ್ದೆ. ಜೂಲ್ಸ್ ಡಾಸಿನ್ ಅಂತ ಅಮೆರಿಕದ ನಿರ್ದೇಶಕ, ಕಮ್ಯುನಿಸ್ಟ್ ಅಂತ ಹೆಸರು ಬಂದು ಹಾಲಿವುಡ್‌ನಲ್ಲಿ ಕೆಲಸ ಸಿಗದಂತಾದಾಗ ಫ್ರಾನ್ಸಿಗೆ ಹೋಗಿ 1955ರಲ್ಲಿ ಮಾಡಿದ್ದು. ಪ್ಯಾರಿಸ್‌ನ ಒಡವೆ ಅಂಗಡಿಗೆ ನಾಲ್ಕು ಜನ ಕನ್ನ ಹಾಕುತ್ತಾರೆ. ಮೇಲಿನ ಮನೆಗೆ ನುಗ್ಗಿ, ಅದರ ನೆಲ ಕೊರೆದು, ಕೆಳಗಿನ ಅಂಗಡಿಗೆ ಇಳಿಯಬೇಕು. ಸ್ವಲ್ಪ ಸದ್ದಾದರೂ ಅಲಾರಂ ಹೊಡೆಯುತ್ತದೆ. ಹಾಗಾಗಿ ಕೊರೆದ ತೂತಿನಲ್ಲಿ ಒಂದು ಛತ್ರಿ ಇಳಿಬಿಟ್ಟು ಬಿಚ್ಚುತ್ತಾರೆ, ಬೀಳುವ ಗಾರೆ ಎಲ್ಲ ಅದರೊಳಗೇ ಬೀಳಲಿ ಅಂತ. ಹೆಚ್ಚುಕಡಿಮೆ ಅರ್ಧ ತಾಸು ತೆರೆಯ ಮೇಲೆ ಒಂದು ಮಾತಿಲ್ಲ, ಸಂಗೀತವೂ ಇಲ್ಲ. ಸಂಗೀತಗಾರ ಆ ಭಾಗಕ್ಕೆ ಸಂಗೀತ ಮಾಡಿಕೊಟ್ಟಿದ್ದನಂತೆ. ಇಟ್ಟು ನೋಡಿ, ತೆಗೆದು ನೋಡಿ, ಬೇಡ ಅಂತ ಕೊನೆಗೆ ಅವನೇ ಒಪ್ಪಿಕೊಂಡನಂತೆ.

ಅವ್ವ ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. "ಯಾಕ ಒಬ್ರೂ ಮಾತಾಡವಲ್ರು?" ಅಂದಳು. ನಾನು ಹೇಳಲಿಲ್ಲ. ಛತ್ರಿ ಬಿಚ್ಚಿಕೊಂಡಾಗ ಅವಳಿಗೇ ತಿಳಿಯಿತು. ಶೇಂಗಾ ಸುಲಿಯುವುದನ್ನು ನಿಲ್ಲಿಸಿಬಿಟ್ಟಳು ನೋಡಿ, ಸಿಪ್ಪೆ ಒಡೆದ ಸದ್ದಿಗೇ ಕಳ್ಳರು ಸಿಕ್ಕಿಬೀಳುತ್ತಾರೆ ಅನ್ನೋ ಹಾಗೆ. ಹೊರಗೆ ಪೊಲೀಸರು ಕಂಡಾಗ ನನ್ನ ಕೈ ಹಿಡಿದುಕೊಂಡಳು. ದಿನಾ ಪೇಪರ್‌ನಲ್ಲಿ ಕಳ್ಳತನದ ಸುದ್ದಿ ಓದಿ ಬಯ್ಯುವ ಹೆಂಗಸು ಅಂದು ಪೂರ್ತಿ ಕಳ್ಳರ ಪಾರ್ಟಿ. ಕಳ್ಳತನ ಮುಗಿದು ಮತ್ತೆ ಮಾತು ಶುರುವಾದಾಗ ಆಕಳಿಸಿದಳು, ಅದು ಬೇರೆ. ಸತ್ಯ ಹೇಳಬೇಕೆಂದರೆ ಪಿಚ್ಚರಿನ ಆ ಭಾಗ ಕಳ್ಳತನದಷ್ಟು ಚೆನ್ನಾಗಿಲ್ಲ, ಹೊಡೆದಾಟ, ಸೇಡು, ಅಷ್ಟೇ.

ಆಮೇಲೆ ಮಾತು ಕಡಿಮೆ ಇರೋ ಥ್ರಿಲ್ಲರ್ ಹುಡುಕಿ ಹುಡುಕಿ ತೋರಿಸತೊಡಗಿದೆ. ‘ಡ್ಯುಯೆಲ್’ ತೋರಿಸಿದೆ. 1971ರಲ್ಲಿ ಟಿವಿಗಾಗಿ ಮಾಡಿದ್ದು. ನಿರ್ದೇಶಕ ಸ್ಪೀಲ್‌ಬರ್ಗ್‌ಗೆ ಆಗ 24 ವರ್ಷ, ಎರಡು ವಾರದೊಳಗೆ ಶೂಟಿಂಗ್ ಮುಗಿಸಿದ್ದ. ಕಾರಿನಲ್ಲಿ ಹೊರಟ ಒಬ್ಬ ಸಾದಾ ಮನುಷ್ಯ ಒಂದು ಹಳೇ ಲಾರಿಯನ್ನು ಓವರ್‌ಟೇಕ್ ಮಾಡುತ್ತಾನೆ. ಅಷ್ಟಕ್ಕೇ ಆ ಲಾರಿ ಅವನ ಬೆನ್ನು ಹತ್ತುತ್ತದೆ. ಡ್ರೈವರ್‌ನ ಕೈ ಕಾಣುತ್ತದೆ, ಬೂಟು ಕಾಣುತ್ತದೆ, ಮುಖ ಮಾತ್ರ ಕಾಣಿಸುವುದೇ ಇಲ್ಲ. ಯಾಕೆ ಹೀಗೆ ಮಾಡಿದ ಅಂತಲೂ ಹೇಳುವುದಿಲ್ಲ, ಟ್ವಿಸ್ಟ್ ಎಲ್ಲಿಂದ ಬಂತು? ಗಬ್ಬೂರಿನಿಂದ ನರೇಂದ್ರದವರೆಗಿನ ನಮ್ಮ ಬೈಪಾಸ್ ಇಕ್ಕಟ್ಟಾಗಿದ್ದ ಕಾಲದಲ್ಲಿ ಅಲ್ಲಿ ಬೈಕ್ ಓಡಿಸಿದವರಿಗೆ ಈ ಪಿಚ್ಚರ್ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಟಿಪ್ಪರ್ ಬಂದು ಹಾರ್ನ್ ಒತ್ತಿದಾಗ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಬರೀ ಬಂಪರ್, ಓಡಿಸುವವನ ಮುಖ ನಾನೂ ಯಾವತ್ತೂ ನೋಡಿಲ್ಲ.

ಲಾರಿಯ ಮಾತು ಬಂತು ಅಂತ ಇನ್ನೊಂದು. ಕ್ಲೂಜೊನದೇ ‘ದಿ ವೇಜಸ್ ಆಫ್ ಫಿಯರ್’, 1953. ಎಣ್ಣೆ ಬಾವಿಗೆ ಬೆಂಕಿ ಬಿದ್ದಿದೆ, ಆರಿಸಲು ನೈಟ್ರೋಗ್ಲಿಸರಿನ್ ಬೇಕು, ಅದು ಜೋರಾಗಿ ಕುಲುಕಿದರೆ ಸಿಡಿಯುತ್ತದೆ. ಎರಡು ಲಾರಿ, ನಾಲ್ಕು ಜನ, ತಲೆಗೆ 2000 ಡಾಲರ್, ಕೆಟ್ಟ ರಸ್ತೆ. ಮೊದಲ ಒಂದು ತಾಸು ಲಾರಿ ಹೊರಡುವುದೇ ಇಲ್ಲ, ಬೇಜಾರು ಮಾಡಿಕೊಂಡು ಎದ್ದು ಹೋಗಬೇಡಿ. ಆ ನಾಲ್ವರಿಗೆ ಈ ಕೆಲಸ ಬಿಟ್ಟರೆ ಗತಿ ಇಲ್ಲ ಅನ್ನೋದು ಆ ಒಂದು ತಾಸಿನಲ್ಲೇ ಗೊತ್ತಾಗೋದು. ಆಮೇಲೆ ತೆರೆಯ ಮೇಲೆ ಒಂದೊಂದು ಗುಂಡಿ ಬಂದಾಗಲೂ ನಾವೇ ಸೀಟಿನಲ್ಲಿ ಮೇಲೇಳುತ್ತೇವೆ. ನಮ್ಮ ಊರಿನ ರಸ್ತೆಗಳ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ.

‘ರಿಯರ್ ವಿಂಡೋ’ ಅವ್ವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಾಲು ಮುರಿದುಕೊಂಡವನೊಬ್ಬ ಕಿಟಕಿಯಲ್ಲಿ ಕೂತು ಎದುರು ಮನೆಗಳನ್ನೇ ನೋಡುತ್ತಾ ಕೊಲೆಯ ವಾಸನೆ ಹಿಡಿಯುತ್ತಾನೆ. "ಇದರಾಗೇನೈತಿ, ನಮ್ಮ ಓಣ್ಯಾಗ ದಿನಾ ಇದ ಅಲ್ಲೇನು?" ಅಂದಳು.

‘ದಿ ಗಿಲ್ಟಿ’ ಮಾತ್ರ ನನ್ನನ್ನು ಸೋಲಿಸಿತು. 2018ರ ಡೆನ್ಮಾರ್ಕ್ ಪಿಚ್ಚರ್, ಒಂದೂವರೆ ತಾಸೂ ಇಲ್ಲ. ನಮ್ಮ 112 ಇದ್ದ ಹಾಗೆ ಒಂದು ತುರ್ತು ಕರೆ ಕೇಂದ್ರ. ಅಲ್ಲಿ ಕೂತ ಪೊಲೀಸನಿಗೆ ಅಪಹರಣವಾದ ಹೆಂಗಸಿನ ಫೋನ್ ಬರುತ್ತದೆ. ಕ್ಯಾಮೆರಾ ಆ ಕಚೇರಿ ಬಿಟ್ಟು ಹೊರಗೆ ಬರುವುದೇ ಇಲ್ಲ, ಎಲ್ಲವೂ ಕಿವಿಯಲ್ಲೇ ನಡೆಯುತ್ತದೆ. ಇದರಲ್ಲಿ ತಿರುವು ಇದೆ, ಒಪ್ಪಿದೆ, ಬಸ್ಸಿನ ಆ ಹುಡುಗನ ಶಾಪ ನನಗೆ ತಟ್ಟುವುದು ಬೇಡ ಅಂತ ಹೇಳುವುದಿಲ್ಲ. ಕಷ್ಟ ಏನೆಂದರೆ ಇಡೀ ಪಿಚ್ಚರ್ ಮಾತು, ನನಗೆ ಸಿಕ್ಕಿದ್ದು ಇಂಗ್ಲಿಷ್ ಸಬ್‌ಟೈಟಲ್. ಪಕ್ಕದಲ್ಲಿ ಕೂತು ಸಾಲು ಸಾಲು ಕನ್ನಡಕ್ಕೆ ಹೇಳುತ್ತಾ ಹೋದೆ. ಅರ್ಧ ಆಗುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು, ಅವ್ವನಿಗೆ ನಿದ್ದೆ ಬಂದಿತ್ತು.

ನಿಮ್ಮಂಥ ಪತ್ರಿಕೆಯವರು ನೋಡಲೇಬೇಕಾದದ್ದು ಒಂದಿದೆ, ಡೇವಿಡ್ ಫಿಂಚರ್‌ನ ‘ಜೋಡಿಯಾಕ್’, 2007. ನಿಜವಾದ ಪ್ರಕರಣ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಮೂರು ಪತ್ರಿಕೆಗಳಿಗೆ ಒಬ್ಬ ಹಂತಕ ಕಾಗದ ಬರೆದ, ಜೊತೆಗೆ ಗುಪ್ತಲಿಪಿ ಇಟ್ಟು ಮೊದಲ ಪುಟದಲ್ಲೇ ಹಾಕಿ ಅಂತ ಬೆದರಿಸಿದ. ಅದನ್ನು ಬಿಡಿಸಿದ್ದು ಒಬ್ಬ ಶಾಲಾ ಮಾಸ್ತರರು ಮತ್ತು ಅವರ ಹೆಂಡತಿ. ಅವನು ಆಮೇಲೆ ಕಳಿಸಿದ ಇನ್ನೊಂದು ಲಿಪಿ ಬಿಡಿಸಲು 2020ರವರೆಗೆ ಕಾಯಬೇಕಾಯಿತು. ಹಂತಕ ಇಂದಿಗೂ ಸಿಕ್ಕಿಲ್ಲ. ಎರಡೂವರೆ ತಾಸು ನೋಡಿದ ಮೇಲೂ ಪಿಚ್ಚರ್ ನಿಮ್ಮ ಕೈಗೆ ಗಟ್ಟಿ ಉತ್ತರ ಕೊಡುವುದಿಲ್ಲ, ಆ ರಾತ್ರಿ ಬಾಗಿಲು ಹಾಕಿದೆಯಾ ಅಂತ ಎರಡು ಸಲ ಎದ್ದು ನೋಡುತ್ತೀರಿ ಅಷ್ಟೇ. ನನ್ನ ಕಾಗದದಲ್ಲಿ ಗುಪ್ತಲಿಪಿ ಇಲ್ಲ, ಮೊದಲ ಪುಟವೂ ಬೇಡ, ಒಳಗೆ ಎಲ್ಲಾದರೂ ಹಾಕಿ.

ಕೇಳುವುದು ಎರಡೇ. ಹೊಸದಾಗಿ ಬಂದದ್ದನ್ನಷ್ಟೇ ಬರೆಯದೆ ವಾರಕ್ಕೆ ಒಂದು ಹಳೇ ಥ್ರಿಲ್ಲರ್ ಬಗ್ಗೆಯೂ ಬರೆಯಿರಿ, ಟ್ವಿಸ್ಟ್ ಇದೆಯೋ ಇಲ್ಲವೋ ಅನ್ನೋದನ್ನು ಬಿಟ್ಟು ಅದು ಹೇಗೆ ಹಿಡಿದು ಕೂರಿಸುತ್ತದೆ ಅಂತ ಬರೆಯಿರಿ. ಜೊತೆಗೆ, ಕನ್ನಡ ಸಬ್‌ಟೈಟಲ್ ಇದೆಯಾ ಅಂತ ಪ್ರತಿ ಸಲ ಒಂದು ಸಾಲು ಹಾಕಿ. ‘ಇಲ್ಲ’ ಅಂತಲೇ ಜಾಸ್ತಿ ಹಾಕಬೇಕಾಗುತ್ತದೆ, ಗೊತ್ತು. ಆದರೂ ಹಾಕಿ, ಕಂಪನಿಯವರ ಕಣ್ಣಿಗೆ ಬೀಳಲಿ.

ಅಂದ ಹಾಗೆ ಮೊನ್ನೆ ಮಳೆ ಬಂದಾಗ ಅವ್ವ ಛತ್ರಿ ಬಿಚ್ಚಿ, ಅದನ್ನು ತಲೆಕೆಳಗು ಮಾಡಿ ಒಂದು ಗಳಿಗೆ ನೋಡಿದಳು. "ನಮ್ಮ ಛತ್ರಿಗೆ ಅಷ್ಟು ಗಾರಿ ತಡ್ಯಾಂಗಿಲ್ಲ ಬಿಡು" ಅಂದಳು.

— ಒಬ್ಬ ಓದುಗ, ವಿದ್ಯಾನಗರ, ಹುಬ್ಬಳ್ಳಿ