ಜೋಡಣೆ ಮೇಜಿಗೆ ದೀಪ, ಪರದೆ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಭಾಗದ ಕಾರ್ಖಾನೆಗಳಿಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಬಂದು ಬಹಳ ಕಾಲವಾಯಿತು. ಹೈಡ್ರಾಲಿಕ್ ಸಿಲಿಂಡರ್, ವಾಲ್ವ್, ಪಂಪ್‌ಗಳ ಜೋಡಣೆ ಮಾತ್ರ ಇವತ್ತಿಗೂ ಹೆಚ್ಚಾಗಿ ಕೈಕೆಲಸವೇ. ಈಗ ಆ ಮೇಜಿಗೂ ‘ಆಪರೇಟರ್ ಅಸಿಸ್ಟೆನ್ಸ್’ ಎಂಬ ಹೆಸರಿನಲ್ಲಿ ಬಿನ್ (ಬಿಡಿಭಾಗದ ಡಬ್ಬಿ) ತೋರಿಸುವ ದೀಪ, ಹಂತ ಹೇಳಿಕೊಡುವ ಪರದೆ, ಬೋಲ್ಟು ಎಷ್ಟು ಬಿಗಿಯಾಯಿತೆಂದು ಅಳೆದು ಲೆಕ್ಕ ಇಡುವ ಟಾರ್ಕ್ ರೆಂಚ್ ಮಾರಾಟಕ್ಕೆ ಬಂದಿವೆ. ಒಳ್ಳೆಯ ಸಾಧನಗಳೇ. ಆದರೆ ಡೆಮೊ ನೋಡಿ ಮರುಳಾಗಿ ಆರ್ಡರ್ ಕೊಟ್ಟರೆ ದುಡ್ಡು ದಂಡ. ಎಲ್ಲಿ ಕೈಕೊಡುತ್ತವೆ ಎಂಬುದನ್ನು ಮಾರುವವರು ಹೇಳುವುದಿಲ್ಲವಾದ್ದರಿಂದ ಈ ಪತ್ರ.

ಬಿನ್ ದೀಪದಿಂದ ಆರಂಭಿಸೋಣ. ವರ್ಕ್ ಆರ್ಡರ್‌ನ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಬೇಕಾದ ಬಿಡಿಭಾಗದ ಬಿನ್ ಮೇಲೆ ಹಸಿರು ದೀಪ ಹತ್ತುತ್ತದೆ. ಕೈ ಒಳಗೆ ಹೋದದ್ದನ್ನು ಸೆನ್ಸರ್ ಗುರುತಿಸಿ ಮುಂದಿನ ಬಿನ್ ತೋರಿಸುತ್ತದೆ. ನೈಟ್ರೈಲ್ ಮತ್ತು ವೈಟಾನ್ ಎಂಬ ರಬ್ಬರಿನ, ಎಣ್ಣೆ ಸೋರದಂತೆ ತಡೆಯುವ ಒ-ರಿಂಗ್‌ಗಳು ಎರಡೂ ಕಪ್ಪಗಿದ್ದು ಅಳತೆಯೂ ಒಂದೇ ಆದಾಗ ಕಣ್ಣಿಗೆ ವ್ಯತ್ಯಾಸ ತಿಳಿಯದು. ಬಿಸಿ ಎಣ್ಣೆಯ ಪಂಪಿಗೆ ನೈಟ್ರೈಲ್ ಹೋದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇಂಥ ಕಡೆ ದೀಪಕ್ಕೆ ಬೆಲೆ ಇದೆ. ಆದರೆ ಸೆನ್ಸರ್ ನೋಡುವುದು ಕೈಯನ್ನು. ತೆಗೆದದ್ದು ಒಂದೋ ಎರಡೋ ಅದಕ್ಕೆ ಗೊತ್ತಾಗದು. ಇನ್ನೂ ಕೆಟ್ಟದ್ದೆಂದರೆ, ಸ್ಟೋರಿನವರು ಬಿನ್ ತುಂಬುವಾಗ ಚೀಲ ಅದಲುಬದಲು ಮಾಡಿದರೆ ದೀಪ ಇಡೀ ಪಾಳಿ ತಪ್ಪು ಭಾಗವನ್ನೇ ತೋರಿಸುತ್ತಿರುತ್ತದೆ, ಅದೂ ಹಸಿರು ಬಣ್ಣದಲ್ಲಿ! ಬಿನ್ ತುಂಬುವಾಗ ಚೀಲದ ಕೋಡ್ ಮತ್ತು ಬಿನ್ ಕೋಡ್ ಎರಡನ್ನೂ ಸ್ಕ್ಯಾನ್ ಮಾಡದ ಹೊರತು ಈ ವ್ಯವಸ್ಥೆಯನ್ನು ನಂಬುವಂತಿಲ್ಲ.

ಟಾರ್ಕ್ ರೆಂಚ್ ವಿಷಯ ಇನ್ನೂ ಸೂಕ್ಷ್ಮ. ಎಂಟು ಬೋಲ್ಟಿನ ಒಂದು ಫ್ಲಾಂಜ್ (ಎರಡು ಭಾಗ ಕೂಡಿಸುವ ಚಪ್ಪಟೆ ಅಂಚು) ಇದೆ ಎನ್ನಿ. 8.8 ಶಕ್ತಿ ದರ್ಜೆಯ ಎಂ12 (12 ಮಿ.ಮೀ. ವ್ಯಾಸದ) ಬೋಲ್ಟಿಗೆ ಒಣಗಿದ್ದಾಗ ಸುಮಾರು 80 ನ್ಯೂಟನ್ ಮೀಟರ್ ಟಾರ್ಕ್ (ತಿರುಚುವ ಬಲ) ಬೇಕು. ಅದನ್ನು ಒಂದೇ ಏಟಿಗೆ ಕೊಡದೆ 25, 55, 80 ಎಂದು ಮೂರು ಸುತ್ತಿನಲ್ಲಿ, ಎದುರುಬದುರು ಬೋಲ್ಟುಗಳ ಕ್ರಮದಲ್ಲಿ ಬಿಗಿಯಬೇಕು. ಎಣಿಸುವ ರೆಂಚ್ ‘ಎಂಟಾಯಿತು’ ಎಂದು ಹಸಿರು ತೋರಿಸುತ್ತದೆ. ಅವಸರದಲ್ಲಿ ಒಂದೇ ಬೋಲ್ಟಿಗೆ ಎರಡು ಸಲ ರೆಂಚ್ ಹಾಕಿದರೂ ಅದಕ್ಕೆ ಎರಡು ಎಂದೇ ಲೆಕ್ಕ. ಏಳೇ ಬಿಗಿದು ಎಂಟನೆಯದು ಸಡಿಲ ಉಳಿಯುತ್ತದೆ. ಆದ್ದರಿಂದ ಟಾರ್ಕ್ ಜೊತೆಗೆ ತಿರುಗಿದ ಕೋನವನ್ನೂ ಅಳೆಯುವ ರೆಂಚೇ ಬೇಕು. ಆಗಲೇ ಬಿಗಿದ ಬೋಲ್ಟು ಕೆಲವೇ ಡಿಗ್ರಿ ತಿರುಗಿ ‘ಟಕ್’ ಎನ್ನುತ್ತದೆ. ಮೊದಲ ಸುತ್ತಿನಲ್ಲಿ ಥ್ರೆಡ್ ಅಡ್ಡ ಹತ್ತಿದ್ದರೆ ಬೇಗನೆ ಬಿಗಿ ಬರುತ್ತದೆ. ಥ್ರೆಡ್ ಕಿತ್ತುಹೋಗಿದ್ದರೆ ಎಷ್ಟು ತಿರುಗಿಸಿದರೂ ಬಿಗಿ ಬರುವುದಿಲ್ಲ. ಪ್ರತಿ ಸುತ್ತಿಗೂ ಕನಿಷ್ಠ, ಗರಿಷ್ಠ ಕೋನದ ಮಿತಿ ಹಾಕಿದರೆ ಮೂರೂ ಸಿಕ್ಕಿಬೀಳುತ್ತವೆ. ಆ ಮಿತಿಯನ್ನು ಕ್ಯಾಟಲಾಗ್ ನೋಡಿ ಹಾಕಬಾರದು. ನಮ್ಮದೇ ಮೇಜಿನಲ್ಲಿ ಸರಿಯಾಗಿ ಜೋಡಿಸಿದ 25–30 ನಗಗಳ ಅಳತೆಯಿಂದ ತೆಗೆಯಬೇಕು.

ಕೋನಕ್ಕೂ ಪೂರ್ತಿ ಸಿಗದ ತಪ್ಪು ಎಣ್ಣೆಯದು. ರೆಂಚಿಗೆ ಹಾಕಿದ ಬಲದಲ್ಲಿ ಸುಮಾರು ಶೇ 90ರಷ್ಟು ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಎಳೆಯುವುದು ಉಳಿದ ಶೇ 10. ಥ್ರೆಡ್‌ಗೆ ಎಣ್ಣೆ ಹತ್ತಿದರೆ ಘರ್ಷಣೆ ಇಳಿದು, ಅದೇ 80ಕ್ಕೆ ಬೋಲ್ಟಿನ ಎಳೆತ ಕಾಲು ಭಾಗಕ್ಕೂ ಮಿಗಿಲಾಗಿ ಏರಬಹುದು. ಹೈಡ್ರಾಲಿಕ್ ಜೋಡಣೆಯಲ್ಲಿ ಕೈಗೆ ಎಣ್ಣೆ ಹತ್ತದೆ ಇರುತ್ತದೆಯೇ? ಡ್ರಾಯಿಂಗ್ ಒಣ ಬೋಲ್ಟು ಕೇಳಿದ್ದರೆ ‘ಒರೆಸಿ ಹಾಕಿ’ ಎಂಬುದೂ ಪರದೆಯ ಮೇಲೆ ಒಂದು ಹಂತವಾಗಿ ಬರಬೇಕು.

ರೆಂಚಿನ ಕ್ಯಾಲಿಬ್ರೇಷನ್ (ನಿಖರತೆ ಪರೀಕ್ಷೆ) ಸ್ಟಿಕ್ಕರ್ ನೋಡಿ ಸಮಾಧಾನಪಡುವ ರೂಢಿಯೂ ಇದೆ. ಬೇರೆ ಕ್ರಮ ಗೊತ್ತುಮಾಡಿಕೊಂಡಿಲ್ಲದಿದ್ದರೆ 12 ತಿಂಗಳು ಅಥವಾ 5,000 ಬಿಗಿತ, ಯಾವುದು ಮೊದಲೋ ಅದು ಎನ್ನುತ್ತದೆ ಐಎಸ್ಒ 6789 ಮಾನದಂಡ. ದಿನಕ್ಕೆ 40 ಸಿಲಿಂಡರ್, ತಲಾ 8 ಬೋಲ್ಟು ಎಂದು ಹಿಡಿದು ಕೊನೆಯ ಸುತ್ತನ್ನಷ್ಟೇ ಎಣಿಸಿದರೂ 16ನೇ ದಿನಕ್ಕೆ 5,000 ದಾಟುತ್ತದೆ. ವರ್ಷಕ್ಕೊಂದು ಸ್ಟಿಕ್ಕರ್ ಅಲ್ಲಿ ಯಾವ ಲೆಕ್ಕ?

ಇನ್ನು ಸೀಲ್. ಯು-ಕಪ್ ಸೀಲಿನ ತುಟಿ ಒತ್ತಡದ ಕಡೆಗಿರಬೇಕು, ಒ-ರಿಂಗಿಗೆ ಆಸರೆಯಾಗುವ ಬ್ಯಾಕಪ್ ರಿಂಗ್ ಒತ್ತಡದ ವಿರುದ್ಧ ಬದಿಗೆ. ತುಟಿ ತಿರುಗಿದ್ದರೆ ಟೆಸ್ಟ್ ಬೆಂಚಿನಲ್ಲೇ ಸೋರುತ್ತದೆ. ಬ್ಯಾಕಪ್ ರಿಂಗ್ ಬದಿ ತಪ್ಪಿದ್ದರೆ ಕಡಿಮೆ ಒತ್ತಡದ ಪರೀಕ್ಷೆ ಪಾಸಾಗಿ, ಗ್ರಾಹಕರ ಯಂತ್ರದಲ್ಲಿ ಒ-ರಿಂಗ್ ಸಂದಿಗೆ ನುಗ್ಗಿ ತುಂಡಾಗುತ್ತದೆ. ಪೋರ್ಟಿನ (ಎಣ್ಣೆ ಹೋಗಿಬರುವ ರಂಧ್ರದ) ಹರಿತ ಅಂಚು ದಾಟುವಾಗ ಸೀಲಿನ ತುಟಿ ಕತ್ತರಿಸಿದರೆ ಯಾವ ಕ್ಯಾಮೆರಾಕ್ಕೂ ಕಾಣದು, ಅದು ಆಗುವುದೇ ಕೊಳವೆಯ ಒಳಗೆ. ಇದಕ್ಕೆ ಮದ್ದು ಅಂಚಿನ ಬರ್ (ಲೋಹದ ಮುಳ್ಳು) ತೆಗೆಯುವುದು, 15ರಿಂದ 20 ಡಿಗ್ರಿ ಚ್ಯಾಂಫರ್ (ಓರೆ ಅಂಚು), ಸೀಲನ್ನು ಅಂಚು ದಾಟಿಸಲು ಲೇಥಿನಲ್ಲಿ ತಿರುವಿದ ಒಂದು ನೈಲಾನ್ ಸ್ಲೀವ್. ಉದ್ಯಮಬಾಗದಲ್ಲಿ ಅದನ್ನು ಮಾಡಿಕೊಡುವ ಟರ್ನರ್‌ಗಳಿಗೇನೂ ಬರವಿಲ್ಲ.

ತಪ್ಪು ತಡೆಯಲು ವಿದ್ಯುತ್ ಬೇಕೇಬೇಕೆಂದಿಲ್ಲ. ಜಪಾನಿನ ಶಿಗೆಯೊ ಶಿಂಗೊ 1961ರಲ್ಲಿ ಒಂದು ಸ್ವಿಚ್ ಕಾರ್ಖಾನೆಯಲ್ಲಿ ಮಾಡಿಸಿದ್ದು ಇಷ್ಟೇ: ಸ್ವಿಚ್ಚಿಗೆ ಹಾಕುವ ಎರಡು ಸ್ಪ್ರಿಂಗನ್ನು ಮೊದಲು ಪುಟ್ಟ ತಟ್ಟೆಗೆ ತೆಗೆದಿಟ್ಟುಕೊಳ್ಳುವುದು. ಜೋಡಿಸಿದ ಮೇಲೂ ತಟ್ಟೆಯಲ್ಲಿ ಸ್ಪ್ರಿಂಗ್ ಉಳಿದಿದ್ದರೆ ಮರೆತದ್ದು ಅಲ್ಲೇ ಗೊತ್ತಾಯಿತು. ಒಂದು ಸಿಲಿಂಡರಿನ ಅಷ್ಟೂ ಸೀಲು, ವಾಷರುಗಳಿಗೆ ಆಕಾರ ಕೊರೆದ ಫೋಮ್ ಟ್ರೇ ಮಾಡಿದರೂ ಇದೇ ಕೆಲಸ ಆಗುತ್ತದೆ.

ಪರದೆ ಕೊಳ್ಳುವುದೇ ಆದರೆ ಅದು ಕನ್ನಡ, ಮರಾಠಿ, ಹಿಂದಿಯಲ್ಲಿ ಬದಲಾಗಬೇಕು, ನಮ್ಮೂರ ಶಾಪ್ ಫ್ಲೋರ್ ಹಾಗಿದೆ. ಎಷ್ಟೋ ಕೈಗಾರಿಕಾ ಪ್ಯಾನೆಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಮುರಿಯುತ್ತದೆ. ‘ಎಣ್ಣೆ’ಯ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ವಾಕ್ಯವನ್ನು ಕಂಪ್ಯೂಟರಿನಲ್ಲಿ ಬರೆದು ಚಿತ್ರವಾಗಿ ಹಾಕಿದರೆ ತೊಂದರೆ ಮುಗಿಯಿತು. ಪದಗಳೂ ಶಾಪ್ ಫ್ಲೋರಿನವೇ ಇರಲಿ, ಪಾನಾ, ಬೋಲ್ಟು ಎಂದೇ ಬರೆಯಲಿ. ಕೆಂಪು-ಹಸಿರು ಬೇರೆ ಮಾಡಿ ಕಾಣದವರೂ ಇರುವುದರಿಂದ ಬಣ್ಣದ ಜೊತೆ ಸರಿ-ತಪ್ಪು ಗುರುತೂ ಇರಲಿ.

ಹತ್ತು ವರ್ಷ ಅನುಭವವಿರುವ ಫಿಟ್ಟರ್‌ಗೂ ನಿನ್ನೆ ಸೇರಿದ ಅಪ್ರೆಂಟಿಸ್‌ಗೂ ಒಂದೇ ಇಪ್ಪತ್ತು ಹಂತ ತೋರಿಸುವುದು ದೊಡ್ಡ ತಪ್ಪು. ಪ್ರತಿ ಹಂತಕ್ಕೂ ಗುಂಡಿ ಒತ್ತಬೇಕಾದರೆ ಅನುಭವಿಗಳು ಸೆನ್ಸರ್ ಮುಂದೆ ಸುಮ್ಮನೆ ಕೈ ಆಡಿಸಿ ಮುಂದೆ ಹೋಗುತ್ತಾರೆ, ನಾವಾಗಿದ್ದರೂ ಹಾಗೇ ಮಾಡುತ್ತಿದ್ದೆವು. ಅವರಿಗೆ ಮಾದರಿ ಬದಲಾದಾಗ ಮತ್ತು ತಪ್ಪಾದಾಗ ಮಾತ್ರ ತೋರಿಸಿದರೆ ಸಾಕು. ಅದೇ ಯಂತ್ರ ಯಾರು ಎಷ್ಟು ಸೆಕೆಂಡ್ ತೆಗೆದುಕೊಂಡರೆಂದೂ ಬರೆದಿಡುತ್ತದೆ. ಆ ಲೆಕ್ಕ ಪಗಾರ ಕಡಿತಕ್ಕೆ ಬಳಕೆಯಾಗುವುದಿಲ್ಲ ಎಂದು ಮಾಲೀಕರು ಬರಹದಲ್ಲಿ ಕೊಡಬೇಕು, ಇಲ್ಲದಿದ್ದರೆ ಪರದೆಯ ಮೇಲಿನ ‘ಸಂಶಯವಿದೆ’ ಎಂಬ ಗುಂಡಿಯನ್ನು ಯಾರೂ ಒತ್ತುವುದಿಲ್ಲ.

ಕೊಳ್ಳುವ ಮುನ್ನ ಹಿಂದಿನ ವರ್ಷದ ರಿವರ್ಕ್ (ತಪ್ಪಾದದ್ದನ್ನು ಮತ್ತೆ ಮಾಡಿದ) ರಿಜಿಸ್ಟರ್ ತೆರೆದು, ಅತಿ ಹೆಚ್ಚು ತಪ್ಪಾದ ಒಂದೇ ಮೇಜಿಗೆ ಒಂದು ತಿಂಗಳು ಸಾಧನ ಹಾಕಿಸಿ ನೋಡಲಿ, ರಾತ್ರಿ ಪಾಳಿಯಲ್ಲೂ, ಕರೆಂಟು ಹೋಗಿ ಬಂದಾಗಲೂ. ಅರ್ಧ ಬಿಗಿದ ಫ್ಲಾಂಜಿನ ಲೆಕ್ಕ ಕರೆಂಟು ಬಂದ ಮೇಲೆ ಸೊನ್ನೆಗೆ ಹೋಗುತ್ತದೋ, ನಿಂತಲ್ಲಿಂದ ಮುಂದುವರಿಯುತ್ತದೋ ಎಂಬುದನ್ನು ಕೇಳಿಯೇ ಹಣ ಕೊಡಲಿ. ಬೆಳಗಾವಿಯ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಮತ್ತು ಐಟಿಐಗಳು ಕೋನ ಅಳೆಯುವ ಒಂದು ರೆಂಚ್, ಒಂದು ಬಿನ್ ದೀಪದ ಮೇಜನ್ನಾದರೂ ತರಬೇತಿಗೆ ಇಟ್ಟುಕೊಳ್ಳಬೇಕು. ವಿಟಿಯು ಅಧೀನದ ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ, ಅಗ್ಗದ ಮೈಕ್ರೊಕಂಟ್ರೋಲರ್‌ನಿಂದ ಇಂಥ ದೀಪ ಮಾಡಿ ಸಣ್ಣ ಘಟಕವೊಂದರಲ್ಲಿ ಓಡಿಸುವ ಪ್ರಾಜೆಕ್ಟ್ ಕೊಡುವಂತೆ ಪ್ರಾಧ್ಯಾಪಕರಲ್ಲಿ ವಿನಂತಿ.

– ಜೋಡಣೆ ವಿಭಾಗದ ಮೇಲ್ವಿಚಾರಕರು, ಉದ್ಯಮಬಾಗ, ಬೆಳಗಾವಿ